ನಡುಗಡ್ಡಿ ಮಳಿ, ಗುಲಾಬಿ ಎತ್ತು

ಈ ವರ್ಷ ಮಳಿ ಹೆಂಗ ಆಗ್ತೈತಿ ಅಂತ ಮೊದಲ ಹೇಳಾವ್ರನ್ನ ಕಂಡ್ರ ನನಗ ಮೈ ಉರಿತೈತಿ. ಟೀವಿಯೊಳಗ ಕೋಟು ಹಾಕ್ಕೊಂಡು ನಕಾಶೆ ಮುಂದ ಕೈ ಆಡಸಾವ್ರಿರಲಿ, ಯುಗಾದಿ ದಿನ ಗುಡಿ ಕಟ್ಟಿ ಮ್ಯಾಲ ಕುಂತು ಪಂಚಾಂಗ ಓದಾವ್ರಿರಲಿ, ಬಾಯಿ ತಗದ ಕೂಡಲೇ ನಾ ಎದ್ದು ಒಳಗ ಹೋಗಿಬಿಡ್ತೀನಿ. ಮನಿಯಾಗಿನ ಮಂದಿ ನಗ್ತಾರ. ನಗಲಿ. ಅವರ ಯಾರ ಕಾಲೇಜೂ ಎತ್ತಿನ ಬಣ್ಣದ ಮ್ಯಾಲ ನಿಂತಿರಲಿಲ್ಲ, ನಂದು ನಿಂತಿತ್ತು.

ಎಂಬತ್ತರ ದಶಕದ ಮಾತು. ನಮ್ಮೂರು ಕುಂದಗೋಳ ತಾಲೂಕಿನಾಗ, ಯರಗುಪ್ಪಿಯಿಂದ ನಡಕೊಂಡು ಹೋಗೂವಷ್ಟು ದೂರ. ಸುತ್ತ ಕಣ್ಣು ಹಾಯೂ ತನಕ ಕರಿ ಎರಿ ಭೂಮಿ. ಮಳಿ ಬಂದ್ರ ಕೆಸರಿನಾಗಿಂದ ಕಾಲು ಕೀಳಾಕ ಬರೂದಿಲ್ಲ, ಬರಲಿಲ್ಲಂದ್ರ ಬಿರುಕಿನಾಗ ಕೈ ಹೋಗ್ತೈತಿ. ನಾನು ಆ ವರ್ಷ ಹತ್ತನೇ ಇಯತ್ತೆ ಪಾಸಾಗಿದ್ದೆ, ಅದೂ ಫಸ್ಟ್ ಕ್ಲಾಸಿನಾಗ. ಮುಂದ ಕಲೀಬೇಕಂದ್ರ ಧಾರವಾಡಕ್ಕ ಹೋಗಬೇಕು. ಅಲ್ಲೆ ಅವ್ವನ ಅಣ್ಣ, ನಮ್ಮ ಮಾವ, ಮನಿ ಮಾಡಿಕೊಂಡಿದ್ದ. ಇರಾಕ ಜಾಗಾ, ಉಣ್ಣಾಕ ರೊಟ್ಟಿ, ಎಲ್ಲಾ ಸಿದ್ಧ ಇತ್ತು. ನಮ್ಮಪ್ಪ ಹೂಂ ಅನ್ನೂದೊಂದ ಬಾಕಿ ಇತ್ತು.

ನಮ್ಮಪ್ಪ ಬಡವ ಅಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ನೀವು ಅಯ್ಯೋ ಪಾಪ ಅಂತ ಶುರು ಹಚ್ಚತೀರಿ. ಹೊಲ ಸಾಕಷ್ಟಿತ್ತು, ನೆಲದಾಗಿನ ಹಗೇವು ತುಂಬ ಜ್ವಾಳ ಇತ್ತು, ಅದ ವರ್ಷ ಹೊಸಾ ಮೋಟಾರ್ ಸೈಕಲ್ ಮನಿ ಮುಂದ ಬಂದು ನಿಂತಿತ್ತು. ಅವಗಿದ್ದ ರೋಗ ಬ್ಯಾರೆ. ಏನ ಕೇಳ್ರಿ, 'ಮಳಿ ಹೆಂಗಾಗ್ತೈತೋ ನೋಡೂಣು' ಅಂತಿದ್ದ. ಗ್ವಾಡಿಗೆ ಸುಣ್ಣ ಹಚ್ಚೂಣು ಅಂದ್ರ, ಮಳಿ ನೋಡೂಣು. ಅವ್ವನ ಕಣ್ಣಿಗೆ ಚಾಳೀಸ ಬೇಕು, ಕಡ್ಲಿಯಾಗಿನ ಹಳ್ಳು ಕಾಣವಲ್ವು ಅಂದ್ರ, ಮಳಿ ನೋಡೂಣು. ಒಂದ ಸಲ ಅವನ ದವಡಿ ಹಲ್ಲು ಬ್ಯಾನಿ ಎದ್ದು ಮಾರಿ ಕುಂಬಳಕಾಯಿ ಆಗಿತ್ತು. ಹುಬ್ಬಳ್ಳಿಗೆ ಹೋಗಿ ಕೀಳಿಸಿಕೊಂಡು ಬರ್ರಿ ಅಂದ್ರ, ಅದಕ್ಕೂ ಮುಗಿಲ ಕಡೆ ನೋಡಿದ. ಹಲ್ಲಿಗೂ ಮಳಿಗೂ ಏನ್ರಿ ಸಂಬಂಧ ಅಂತ ಅವ್ವ ಕೇಳಿದ್ಳು. ಅವಗ ಬಾಯಿ ತಗಿಯಾಕ ಬರ್ತಿರಲಿಲ್ಲ.

ನನ್ನ ರಿಸಲ್ಟ್ ಬಂದ ದಿನ ಮಾತ್ರ ಊರಿಗೆಲ್ಲಾ ಪೇಢೆ ಹಂಚಿದ. ಪೇಢೆಗೆ ಮಳಿ ನೋಡಲಿಲ್ಲ. ಮಗಳು ಫಸ್ಟ್ ಕ್ಲಾಸ್ ಬಂದಾಳ ಅಂತ ಹೋಗಾವ್ರನ್ನ ಬರಾವ್ರನ್ನ ನಿಂದ್ರಿಸಿ ಹೇಳಿದ. ನಾ ಆ ಖುಷಿಯೊಳಗ ಮೆಲ್ಲಕ ಹೋಗಿ ಬಾಜು ನಿಂತೆ.

'ಯಪ್ಪಾ, ಧಾರವಾಡಕ್ಕ ಕಳಸ್ತೀಯಿಲ್ಲ?'

'ತಡಿ ನನ್ನವ್ವಾ. ಹಿಂಗಾರಿ ಚಲೋ ಆಗೂ ಹಂಗಿದ್ರ ಕಳಸೂಣು.'

ಈ ಮಾತಿನ ಚಂದ ನೋಡ್ರಿ. ಹಿಂಗಾರಿ ಮಳಿ ಬರೂದು ದಸರಾ ಸುತ್ತಮುತ್ತ. ಕಾಲೇಜಿನಾಗ ಹೆಸರ ಹಚ್ಚೂದು ಮುಂಗಾರಿನಾಗ, ಮಿರಗ ಮಳಿ ಹೊತ್ತಿಗೆ. ಅಂದ್ರ ಇನ್ನೂ ಬರಲಾರದ ಮಳಿ ಹೆಂಗ ಬರ್ತೈತಿ ಅಂತ ಯಾರರೆ ಮೊದಲ ಹೇಳಬೇಕು, ಅದನ್ನ ನಮ್ಮಪ್ಪ ನಂಬಬೇಕು, ಆಮ್ಯಾಲ ನಾ ಟ್ರಂಕಿನಾಗ ಅರಬಿ ತುಂಬಬೇಕು. ಹೇಳಾವ್ರಿಗೇನು ನಮ್ಮಲ್ಲೆ ಬರಗಾಲ ಇರಲಿಲ್ಲ.

ಮೊದಲನೇದಾಂವ ಪಂಚಾಂಗದ ಶಾಸ್ತ್ರಿ. ಯುಗಾದಿ ದಿನ ಈ ವರ್ಷ ಇಷ್ಟು ಕೊಳಗ ಮಳಿ ಅಂತ ಓದಿ, ಅದನ್ನ ಪಾಲ ಮಾಡಿ ಹಂಚಿದ್ದ. ದೊಡ್ಡ ಪಾಲು ಸಮುದ್ರಕ್ಕ, ಅದಕ್ಕಿಂತ ಸಣ್ಣದು ಗುಡ್ಡಕ್ಕ, ಉಳದಿದ್ದು ಭೂಮಿಗೆ. ಮೊದಲ ನೀರಾಗ ಮುಳುಗಿದ್ದಕ್ಕ ಯಾಕ ದೊಡ್ಡ ಪಾಲು ಅಂತ ಕೇಳಾವ್ರಿಲ್ಲ, ಎಲ್ಲಾರೂ ತಲಿ ಆಡಸಾವ್ರ. ಅಪ್ಪ ಈಗ ಮತ್ತ ಅವನ ಮನಿಗೆ ಹೋಗಿ, 'ಹಿಂಗಾರಿ ಹೆಂಗ್ರಿ ಹಂಗಾರ?' ಅಂತ ಕೇಳಿದ. ಚಲೋ ಐತಿ, ಆದ್ರ ಅಷ್ಟೊಂದು ಚಲೋ ಅಲ್ಲ, ಕೆಟ್ಟದ್ದಂತೂ ಅಲ್ಲ ಅಂದನಂತ. ಇಷ್ಟು ಕೇಳಾಕ ಅಪ್ಪ ಹೊಸಾ ಗಾಡಿಯಾಗ ಪೆಟ್ರೋಲ್ ಸುಟಗೊಂಡು ಹೋಗಿದ್ದ.

ಎರಡನೇದಾಂವ ನಮ್ಮ ಕಾಕಾ. ಅಪ್ಪನ ಸ್ವಂತ ತಮ್ಮ, ಹುಬ್ಬಳ್ಳಿಯಾಗ ಒಂದು ಕಚೇರಿಯೊಳಗ ಗುಮಾಸ್ತ. ಐತವಾರಕ್ಕೊಮ್ಮೆ ಊರಿಗೆ ಬರಾಂವ, ಇಸ್ತ್ರಿ ಮಾಡಿದ ಪ್ಯಾಂಟು, ಬಗಲಾಗ ಪೇಪರು, ಕೈಯಾಗ ಟ್ರಾನ್ಸಿಸ್ಟರು. ಊರಾಗ ಕಾಲಿಟ್ಟ ಕೂಡಲೇ ನಮಗೆಲ್ಲಾ ಲೋಕಜ್ಞಾನ ಕೊಡೂ ಜವಾಬ್ದಾರಿ ಅವನ ಹೆಗಲಿಗೆ ಬಂದುಬಿಡ್ತಿತ್ತು. ಆ ವರ್ಷ ಅಂವ ತಂದಿದ್ದು ಒಂದು ನಡುಗಡ್ಡಿ.

ಪಡಸಾಲಿಯಾಗ ಕುಂತಿದ್ದ. ಅವ್ವ ಒಗ್ಗರಣಿ ಹಾಕಿದ ಚುರಮುರಿ ತಾಟಿನಾಗ ಹಾಕಿ ಕೊಟ್ಟಿದ್ಳು. ಅಂವ ಚುರಮುರಿ ನಡುವ ಬಟ್ಟಿಲೆ ಬಯಲು ಮಾಡಿ ಒಂದು ಶೇಂಗಾಕಾಳು ಇಟ್ಟ.

'ಅಣ್ಣಾ, ಈ ತಾಟು ಪೆಸಿಫಿಕ್ ಸಮುದ್ರ ಅಂತ ತಿಳಿ. ಈ ಶೇಂಗಾಕಾಳು ಒಂದು ನಡುಗಡ್ಡಿ. ಈ ವರ್ಷ ಇದರ ಸುತ್ತಿನ ನೀರು ಕಾಯ್ದೈತಂತ, ಪೇಪರಿನಾಗ ಬಂದೈತಿ. ನೀರು ಕಾಯ್ದಲ್ಲೆ ಮಾಡ ಕೂಡ್ತಾವ. ಅಲ್ಲೆ ಮಳಿ ಹಿಡದು ಬಡೀತೈತಿ, ಇಲ್ಲೆ ನಮ್ಮ ಪಾಲಿಂದು ಹಾರಿ ಹೋಗ್ತೈತಿ. ಆ ನಡುಗಡ್ಡಿ ಮಂದಿಗೆ ತಿಂಗಳುಗಟ್ಟಲೆ ಮೊದಲ ಹೇಳಿಬಿಟ್ಟಾರಂತ, ಈ ಸಲ ಮಳಿ ಜೋರು ಅಂತ.'

ಅಪ್ಪ ತಾಟಿನಾಗ ಬಗ್ಗಿ ನೋಡಿದ. ನಾನೂ ನೋಡಿದೆ. ಅವ್ವ ಅಡಗಿ ಮನಿ ಬಾಗಿಲದಾಗ ನಿಂತಿದ್ಳು.

'ಅಲ್ಲಿ ಮಂದಿ ಏನ ಬಿತ್ತತಾರ್ರಿ?' ಅಂತ ಕೇಳಿದ್ಳು.

ಕಾಕಾಗ ಅದು ಪೇಪರಿನಾಗ ಸಿಕ್ಕಿರಲಿಲ್ಲ. 'ಬಿತ್ತೂದೆಲ್ಲಿ ಬಂತವ್ವಾ, ತೆಂಗಿನ ಗಿಡ ಇರ್ತಾವ. ಮೀನ ಹಿಡೀತಾರ' ಅಂದ.

'ಹಂಗಾರ ಬಿತ್ತಲಾರದವ್ರಿಗೆ ಮೊದಲ ಹೇಳ್ತಾರ. ಬಿತ್ತಾವ್ರಿಗೆ ನೀವು ಚುರಮುರಿಯಾಗ ತೋರಸ್ತೀರಿ' ಅಂದು ಅವ್ವ ಒಳಗ ಹೋದ್ಳು.

ಕಾಕಾ ನಕ್ಕ, ಹೆಂಗಸರಿಗೆ ತಿಳಿಯಂಗಿಲ್ಲ ಅನ್ನೂ ನಗಿ. ಮಾತು ಮುಗಿಸಿ ಆ ನಡುಗಡ್ಡಿ ತಗೊಂಡು ಬಾಯಾಗ ಹಾಕ್ಕೊಂಡ.

ಈಗ ನನಗೂ ಗೊತ್ತೈತಿ, ಆ ಸಮುದ್ರದ ಮಾತು ಪೂರಾ ಸುಳ್ಳಲ್ಲ. ಅಲ್ಲಿ ನೀರು ಕಾಯೂದಕ್ಕೂ ಇಲ್ಲಿ ಮಾಡ ತೇಲಿ ಹೋಗೂದಕ್ಕೂ ಸಂಬಂಧ ಇರ್ತೈತಿ, ಆದ್ರ ಪ್ರತಿ ಸಲ ಹಂಗ ಆಗಬೇಕಂತಿಲ್ಲ, ಊರೂರಿಗೆ ಒಂದ ನಮೂನಿ ಆಗಬೇಕಂತನೂ ಇಲ್ಲ. ಇರಲಿ. ಸಮುದ್ರದ ಮ್ಯಾಲ ನನಗ ಸಿಟ್ಟಿಲ್ಲ. ಅದು ಕಾಯ್ದದ್ದನ್ನ ನಮ್ಮಪ್ಪನಂಥ ಮನಷ್ಯಾಗ ಹೇಳಿದ್ನಲ್ಲಾ, ಆ ಕಾಕಾನ ಮ್ಯಾಲ ಸಿಟ್ಟು. ಕೆಲಸ ಮುಂದ ಹಾಕಾಕ ಹಸ್ತಾ, ಚಿತ್ತಿ ಮಳಿ ಸಾಲದ ಮನಷ್ಯಾಗ ಪೆಸಿಫಿಕ್ ಒಂದು ಸಿಕ್ಕಂಗಾತು.

ಅವತ್ತಿನಿಂದ ಪ್ರತಿ ಐತವಾರ ನಮ್ಮ ಮನಿಯಾಗ ನಡುಗಡ್ಡಿದ ಸುದ್ದಿ. ಕಾಕಾ ಚಪ್ಪಲಿ ಬಿಡೂದ್ರಾಗ ಅಪ್ಪ ಕೇಳ್ತಿದ್ದ, 'ಏನಪಾ, ನೀರು ಆರಿತೇನು?' ಕಾಕಾ ಸಾವು ಸುದ್ದಿ ತಂದಾವ್ರಂಗ ತಲಿ ಅಲ್ಲಾಡಸಾಂವ, 'ಇಲ್ಲಣ್ಣಾ, ಇನ್ನೂ ಕಾಯಾಕ ಹತ್ತೈತಿ.' ಅಂವ ಆ ನಡುಗಡ್ಡಿ ಹೆಸರನ್ನೂ ನೆಟ್ಟಗ ಅನ್ನತಿರಲಿಲ್ಲ, ಒಂದೊಂದು ವಾರ ಒಂದೊಂದು ನಮೂನಿ. ನನಗ ಆ ನಡುಗಡ್ಡಿ ಹೆಸರು ಬ್ಯಾಡಾಗಿತ್ತು. ಬಾವಿಗೆ ಹೋದ್ರ, ಕಟಗಿ ಒಡದ್ರ, ಅದ ತಲಿಯಾಗ. ಅಲ್ಲೆ ನನ್ನ ವಯಸ್ಸಿನ ಹುಡುಗಿ ಒಬ್ಬಾಕಿ ಇರಬೇಕು, ಅಕಿನೂ ಸಾಲಿ ಕಲಿಯಾಕ ಬ್ಯಾರೆ ಊರಿಗೆ ಹೋಗಬೇಕಂತ ಕುಂತಿರಬೇಕು, ಅಕಿ ಅಪ್ಪ ತೆಂಗಿನ ಗಿಡದ ಬುಡಕ ಕುಂತು, 'ತಡಿ ನನ್ನವ್ವಾ, ಕುಂದಗೋಳ ಕಡೆ ಮಳಿ ಹೆಂಗಾಗ್ತೈತೋ ನೋಡೂಣು' ಅನ್ನತಿರಬೇಕು ಅಂತ ಅನಸ್ತಿತ್ತು. ಅಕಿ ಮ್ಯಾಲ ನನಗ ಕನಿಕರ ಬರ್ತಿತ್ತು, ಅಕಿ ಅಪ್ಪನ ಮ್ಯಾಲ ಬರ್ತಿರಲಿಲ್ಲ.

ಶಾಸ್ತ್ರಿ ಚಲೋ ಅಂದ, ಪೇಪರು ಕೆಟ್ಟದ್ದಂತು. ಅಪ್ಪ ಎರಡರ ನಡುವ ಸಿಕ್ಕು ಒದ್ದಾಡಿ, ಕಡೀಕ ಎತ್ತಿನ ಹಂತ್ಯಾಕ ಹೋದ.

ನಮ್ಮ ಕಡೆ ಕಾರಹುಣ್ಣಿವಿಗೆ ಕರಿ ಹರಿಯೂದು ಅಂತ ಐತಿ. ಊರ ಅಗಸಿ ಬಾಗಿಲಿಗೆ ಅಡ್ಡ ಒಂದು ಹಗ್ಗ ಕಟ್ಟಿ, ಅದಕ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲ ಇಳಿಬಿಟ್ಟಿರ್ತಾರ. ಅದ ಕರಿ. ಸಂಜಿಮುಂದ ಎತ್ತುಗಳನ್ನ ಸಿಂಗಾರ ಮಾಡಿ ಓಡಿಸಿಕೊಂಡು ಬರ್ತಾರ. ಯಾವ ಎತ್ತು ಮೊದಲ ಅದನ್ನ ಹರಕೊಂಡು ಒಳಗ ಬರ್ತೈತೋ ಅದು ಆ ವರ್ಷದ ಮಳಿ ಹೇಳಿದಂಗ. ಕೆಂದ ಎತ್ತು ಹರಿದ್ರ ಮುಂಗಾರಿ ಚಲೋ, ಹೆಸರು, ಶೇಂಗಾ ಬರ್ತಾವ. ಬಿಳಿ ಎತ್ತು ಹರಿದ್ರ ಹಿಂಗಾರಿ ಚಲೋ, ಜ್ವಾಳ, ಕಡ್ಲಿ ಬರ್ತಾವ. ಇಡೀ ಊರು ಇದನ್ನ ನಂಬತಿತ್ತು, ಪದವಿ ಮಾಡಿ ಬಂದಾವ್ರೂ ನಂಬತಿದ್ರು.

ನಮ್ಮ ಮನಿ ಬಿಳಿ ಎತ್ತು ಓಟದಾಗ ಹೆಸರಾದದ್ದು. ಅದನ್ನ ನಂಬಿ ಅಪ್ಪ ಗುಡಿ ಕಟ್ಟಿ ಮ್ಯಾಲ ನಾಕು ಮಂದಿ ಮುಂದ ಮಾತು ಕೊಟ್ಟ, 'ಬಿಳಿ ಎತ್ತು ಕರಿ ಹರೀಲಿ, ಮರುದಿನ ಮಗಳನ್ನ ಧಾರವಾಡಕ್ಕ ಬಿಟ್ಟು ಬರ್ತೀನಿ.' ಮನಿಗೆ ಬಂದು ನಮಗೂ ಹೇಳಿದ, ದೊಡ್ಡ ದಾನ ಮಾಡಿದಾವ್ರಂಗ.

'ಎತ್ತಿನ ಕೊರಳಿಗೆ ಗಂಟಿ ಕಟ್ಟತಾರ, ನೀವು ಮಗಳನ್ನ ಕಟ್ಟಿ ಬಂದ್ರಿ' ಅಂದ್ಳು ಅವ್ವ.

ಅಂದ್ಳು ಖರೆ, ಮರುದಿನದಿಂದ ಅಕಿನೂ ನಾನೂ ಆ ಎತ್ತಿನ ಸೇವಾಕ್ಕ ನಿಂತ್ವಿ. ಹತ್ತಿಕಾಳು ನೆನಿ ಹಾಕಿ ಇಟ್ವಿ, ಹಿಂಡಿ ಕಲಿಸಿ ಇಟ್ವಿ, ಬೆಲ್ಲ ತಿನಿಸಿದ್ವಿ. ಮನಿ ಗಂಡಸರಿಗೆ ಬಿದ್ದಿದ್ದಕ್ಕಿಂತ ಹೆಚ್ಚಿನ ತುಪ್ಪ ಆ ಎತ್ತಿನ ಹೊಟ್ಟಿಗೆ ಹೋತು. ನಾ ಅದರ ಕಾಲು ಒತ್ತೂದೊಂದ ಬಾಕಿ. ಅದಂತೂ ಪಾಪ, ಮುಖ ಎತ್ತಿ ನೋಡೂದು, ಮತ್ತ ತಿನ್ನೂದು. ಆ ಮನಿಯಾಗ ನನ್ನ ಕಲಿಕಿ ಸಲುವಾಗಿ ಏನರೆ ಮಾಡಾಕ ತಯಾರಿದ್ದ ಪ್ರಾಣಿ ಅದೊಂದ.

ಕಾರಹುಣ್ಣಿವಿ ದಿನ ಕಾಕಾ ರಜಾ ಹಾಕಿ ಬಂದ. ಕೈಯಾಗ ಹುರಮಂಜಿನ ಪೊಟ್ಟಣ. ಹುರಮಂಜು ಅಂದ್ರ ಕೆಂಪು ಬಣ್ಣದ ಪುಡಿ, ಹಬ್ಬಕ್ಕ ಎತ್ತಿನ ಮೈಗೆ ಅಲ್ಲೊಂದು ಪಟ್ಟಿ ಇಲ್ಲೊಂದು ಕೈ ಗುರುತು ಹಚ್ಚತಾರ. ಕಾಕಾಗ ಅದು ಸಾಲಲಿಲ್ಲ. 'ನೀವು ಹಳೇ ಮಂದಿ, ಎರಡು ಪಟ್ಟಿ ಎಳದು ಬಿಡ್ತೀರಿ. ಹುಬ್ಬಳ್ಳಿ ಕಡೆ ಹೆಂಗ ಮಾಡ್ತಾರ ತೋರಸ್ತೀನಿ ನೋಡು' ಅಂದ. ಪ್ಯಾಂಟಿನ ಕಾಲು ಮಡಚಿದ. ಮಳಿ ಬಂದ್ರ ಬಣ್ಣ ತೊಳದು ಹೋಗಬಾರದು ಅಂತ ಹುರಮಂಜನ್ನ ನೀರಿನಾಗಲ್ಲ, ಕುಸುಬಿ ಎಣ್ಣಿಯಾಗ ಕಲಿಸಿದ. ಈ ವರ್ಷ ಮಳಿ ಇಲ್ಲ ಅಂತ ವಾರವಾರ ಬಂದು ನನ್ನ ಕರುಳ ಹಿಂಡಿದ ಮನಷ್ಯಾ ಇಂವ. ಭುಜದಿಂದ ಬಾಲದ ತನಕ, ಹೊಟ್ಟಿಯಿಂದ ಗೊರಸಿನ ತನಕ ಒಂದು ಬಟ್ಟು ಜಾಗಾ ಬಿಡದಂಗ ಬಳದ. ಅಪ್ಪ ಬಾಜೂನ ಕುಂತು ಹಿತ್ತಾಳಿ ಕೊಂಬಣಸು ತಿಕ್ಕತಿದ್ದ. ತಮ್ಮನ ಕೈಕೆಲಸ ನೋಡಿ, 'ಅಗದಿ ಚಲೋ ಕಾಣತೈತಿ ಬಿಡಪಾ' ಅಂದ.

ಅವತ್ತಿನ ಕೆಲಸ ಎಲ್ಲಾ ಬಿಳಿ ಎತ್ತಿನ ಬಿಳಿ ಬಣ್ಣದ್ದ ಅನ್ನೂದು ಆ ಇಬ್ಬರೂ ಶಾಣ್ಯಾರಿಗೆ ಹೊಳೀಲಿಲ್ಲ. ಅವ್ವ, ನಾನು ಒಳಗ ಹೋಳಿಗಿ ಮಾಡಾಕ ಹತ್ತಿದ್ವಿ. ಹಲಗಿ ಬಡಿಯೂ ಸಪ್ಪಳ ಶುರು ಆದ ಮ್ಯಾಲ ಹೊರಗ ಬಂದು ನೋಡಿದ್ವಿ. ಎತ್ತು ಆಗಲೇ ಓಣಿ ತಿರುವಿನಾಗ ಹೊಂಟಿತ್ತು, ಎಣ್ಣಿ ಹಚ್ಚಿದ ಮೈ ಬಿಸಲಿಗೆ ಕೆಂಪಗ ಹೊಳೀತಿತ್ತು.

ಅವ್ವ ಹಿಟ್ಟಿನ ಕೈಲೆ ನಿಂತು, 'ಬಿಳಿ ಎತ್ತು ಎಲ್ಲೈತಿ?' ಅಂದ್ಳು.

ನಾ ಮಾಳಿಗಿ ಹತ್ತಿದೆ. ಊರ ಹೆಣ್ಣು ಮಕ್ಕಳೆಲ್ಲಾ ತಮ್ಮ ತಮ್ಮ ಮಾಳಿಗಿ ಮ್ಯಾಲ ನಿಂತಿದ್ರು, ಅಲ್ಲಿಂದ ಅಗಸಿ ಕಾಣತಿತ್ತು. ಧೂಳ ಎದ್ದು, ಎತ್ತು ಬಂದ್ವು. ಎಲ್ಲಾದಕ್ಕೂ ಮುಂದ ನಮ್ಮ ಎತ್ತು. ನಾವು ತಿನಿಸಿದ ತುಪ್ಪಕ್ಕ ಅದು ಮೋಸ ಮಾಡಲಿಲ್ಲ. ಎದಿ ಕೊಟ್ಟು ಕರಿ ಹರಕೊಂಡು ಒಳಗ ನುಗ್ಗಿತು. ನನ್ನ ಕಣ್ಣಾಗ ನೀರು ಬಂತು. ಟ್ರಂಕು ಎಲ್ಲೈತಿ, ಯಾವ ಅರಬಿ ಇಡೂದು, ಅಷ್ಟೂ ತಲಿಯಾಗ ಬಂದು ಹೋತು.

ಅಷ್ಟ್ರಾಗ ಕೆಳಗ ಯಾರೋ ಕೂಗಿದ್ರು, 'ಕೆಂದ ಹರಿತು, ಮುಂಗಾರಿ ಈ ಸಲ.'

ಇನ್ನೊಬ್ಬಾಂವ, 'ಅದು ಕೆಂದ ಅಲ್ಲಲೇ, ಬಿಳಿ ಎತ್ತು' ಅಂದ. ಮತ್ತೊಬ್ಬಾಂವ, 'ಕಣ್ಣು ಕಾಣತಾವಿಲ್ಲ ನಿನಗ? ಎಲ್ಲೈತಿ ಬಿಳಿ, ತೋರಸು' ಅಂದ. ಹಲಗಿ ನಿಂತ್ವು. ಊರ ಗಂಡಸರೆಲ್ಲಾ ಎತ್ತಿನ ಸುತ್ತ ನಿಂತು ಪಂಚಾಯ್ತಿ ಶುರು ಮಾಡಿದ್ರು. ಹುಟ್ಟಿದ ಬಣ್ಣ ಹಿಡೀಬೇಕೋ, ಅಗಸಿಗೆ ಬಂದಾಗಿನ ಬಣ್ಣ ಹಿಡೀಬೇಕೋ? ದೇವರು ನೋಡೂದು ಒಳಗಿನ ಬಣ್ಣ ಅಂತ ಒಬ್ಬರು. ದೇವರು ಇವತ್ತ ಈ ಎತ್ತನ್ನ ಕೆಂಪ ಮಾಡಿಸಿದ್ದ ಮುಂಗಾರಿ ತೋರಿಸಾಕ ಅಂತ ಇನ್ನೊಬ್ಬರು. ಮಾಡಿಸಿದಾಂವ ದೇವರಲ್ಲ, ಪಕ್ಕದಾಗ ಹುರಮಂಜಿನ ಕೈ ಒರಿಸಿಕೊಂತ ನಿಂತಾನ ಅಂತ ಯಾರೂ ಅನ್ನಲಿಲ್ಲ, ಅಂವ ನೌಕರಿದಾರ.

ಊರ ಹಿರ್ಯಾ ಒಬ್ಬಾಂವ ಕಡೀಕ ತೀರ್ಪು ಕೊಟ್ಟ. ಎತ್ತನ್ನ ಕೆರಿಗೆ ಒಯ್ದು ತೊಳೀರಿ, ಎಲ್ಲಾರ ಮುಂದ ಬಿಳಿ ಆದ್ರ ಬಿಳಿ, ಇಲ್ಲಂದ್ರ ಇಲ್ಲ. ಊರಿಗೆ ಊರ ಕೆರಿ ದಂಡಿಗೆ ಹೋತು. ಅಪ್ಪ ಧೋತರ ಮ್ಯಾಲ ಕಟ್ಟಿ ನೀರಿಗಿಳದು ತಿಕ್ಕಿದ. ಹುಲ್ಲಿಲೆ ತಿಕ್ಕಿದ, ಬೂದಿಲೆ ತಿಕ್ಕಿದ, ಸಬಕಾರ ತರಿಸಿ ತಿಕ್ಕಿದ. ಕುಸುಬಿ ಎಣ್ಣಿ ತನ್ನ ಕೆಲಸ ಬರೋಬ್ಬರಿ ಮಾಡಿತ್ತು. ಬಣ್ಣ ಪೂರಾ ಹೋಗಲಿಲ್ಲ, ಪೂರಾ ಉಳೀಲೂ ಇಲ್ಲ. ಎತ್ತು ಕೆರಿಯಿಂದ ಮ್ಯಾಲ ಬಂದಾಗ ಅಗದಿ ಗುಲಾಬಿ ಬಣ್ಣಕ್ಕ ತಿರುಗಿತ್ತು.

ಗುಲಾಬಿ ಎತ್ತು ಕರಿ ಹರಿದ್ರ ಯಾವ ಮಳಿ ಅನ್ನೂದು ಹಿರ್ಯಾಗೂ ಗೊತ್ತಿಲ್ಲ, ಶಾಸ್ತ್ರಿಗೂ ಗೊತ್ತಿಲ್ಲ. ಗುಂಪಿನಾಗಿಂದ ಒಬ್ಬಾಂವ, ಉಳ್ಳಾಗಡ್ಡಿ ಬೆಳಿ ಚಲೋ ಆಗಬಹುದು ನೋಡ್ರಿ ಅಂದ. ಅದನ್ನ ಚ್ಯಾಷ್ಟಿ ಅಂತ ನಗಬೇಕಾಗಿತ್ತು. ಮಂದಿ ನಗಲಿಲ್ಲ, ಕುಂತು ವಿಚಾರ ಮಾಡಿದ್ರು. ಇಂಥಾ ಮಂದಿ ಕೈಯಾಗ ನನ್ನ ಬಾಳು ಇತ್ತು.

ರಾತ್ರಿ ಊಟಕ್ಕ ಅಪ್ಪನ ಮುಂದ ಕುಂತು ನಾ ನೆಟ್ಟಗ ಕೇಳಿದೆ. 'ನಮ್ಮ ಎತ್ತ ಹರಿತಲ್ಲಪ್ಪಾ?'

'ಹರಿತು ಖರೆ. ಆದ್ರ ಅದು ಬಿಳಿ ಅಂತ ಊರು ಒಪ್ಪವಲ್ದಲ್ಲ. ತಡಿ ನನ್ನವ್ವಾ, ಬಣ್ಣ ಇಳೀಲಿ.'

ಬಣ್ಣ ಇಳೀಲಿ ಅಂತ ನಾ ದಿನಾ ಮುಂಜಾನೆ ಎದ್ದು ಮೊದಲ ಆ ಎತ್ತಿನ ಮಾರಿ ನೋಡ್ತಿದ್ದೆ. ಮಿರಗ ಮಳಿ ಒಂದೀಟು ಬಂತು, ಒಂದೀಟು ಬಣ್ಣ ಹೋತು. ಆರಿದ್ರಾ ಬಂತು, ಭುಜ ಬೆಳ್ಳಗಾತು. ಧಾರವಾಡದಿಂದ ಮಾವ ಬಂದುಹೋಗಾವ್ರ ಕೈಲೆ ಎರಡು ಸಲ ಹೇಳಿ ಕಳಸಿದ, 'ಹೆಸರ ಹಚ್ಚೂದು ಮುಗಿಯಾಕ ಬಂದೈತಿ, ಹುಡುಗಿನ್ನ ಕಳಸ್ರಿ.' ಅಪ್ಪ ಎತ್ತಿನ ಹೊಟ್ಟಿ ಮ್ಯಾಲ ಉಳದ ಗುಲಾಬಿ ಕಡೆ ನೋಡಿ, ನೋಡೂಣು ಅಂದ. ಎತ್ತು ಪೂರಾ ಬಿಳಿ ಆಗೂದ್ರಾಗ ಕಾಲೇಜಿನ ಬಾಗಿಲ ಮುಚ್ಚಿತು. ನನ್ನ ಜೋಡಿ ಕಲಿತ ಗಂಡು ಹುಡುಗರು, ನನಗಿಂತ ಕಡಿಮಿ ಮಾರ್ಕ್ಸಿನಾವ್ರು, ಹುಬ್ಬಳ್ಳಿ ಬಸ್ಸಿಗೆ ಟ್ರಂಕು ಹೇರಿ ಹೋದ್ರು. ಅವರ ಅಪ್ಪಂದ್ರು ಎತ್ತು ನೋಡಲಿಲ್ಲ, ಮುಗಿಲೂ ನೋಡಲಿಲ್ಲ.

ಮುಂದ ಏನಾತು ಅಂತೀರಿ? ಹುಬ್ಬಿ ಮಳಿ ಬಂತು. ಉತ್ರಿ, ಹಸ್ತಾ, ಚಿತ್ತಿ ಬಂದ್ವು. ಎರಿ ಹೊಲ ನೀರು ಕುಡದು ಕುಡದು ಸಾಕಂದ್ವು. ಜ್ವಾಳ ಆಳೆತ್ತರ ಬೆಳದು, ತೆನಿ ಭಾರಕ್ಕ ಬಾಗಿತು. ಸಮುದ್ರ ಕಾಯ್ದಿದ್ದೋ ಆರಿದ್ದೋ ನಮ್ಮ ಹೊಲಕ್ಕ ಯಾರೂ ಹೇಳಿದ್ದಿಲ್ಲ ಅಂತ ಕಾಣತೈತಿ. ಆಗ ನೋಡ್ರಿ, ಹೇಳಿದಾವ್ರೆಲ್ಲಾ ಹೆಂಗ ಎದ್ದು ಬಂದ್ರು. ಶಾಸ್ತ್ರಿ, ನಾ ಚಲೋ ಐತಿ ಅಂದಿದ್ದೆಯಿಲ್ಲ ಅಂದ. ಬಿಳಿ ಅಂದಾವ್ರು ಮೀಸಿ ತಿರುವಿದ್ರು. ಕೆಂದ ಅಂದಾವ್ರು, ಹೆಸರೂ ಬಂದಾವಲ್ಲಾ ಅಂದ್ರು. ಕಾಕಾ ಐತವಾರ ಬಂದು ಹೊಸಾ ಜ್ವಾಳದ ಸೀತನಿ ತಿನಕೋತ, 'ನಡುಗಡ್ಡಿ ಕಡೆ ಏನೋ ಫರಕ ಆಗಿರಬೇಕಣ್ಣಾ' ಅಂದ. ತಪ್ಪಾತು ಅಂತ ಒಬ್ಬನ ಬಾಯಿಂದ ಬರಲಿಲ್ಲ. ಮಳಿ ಹೇಳಾವ್ರ ಜಾತಿನ ಹಂಗ, ಬಂದ್ರೂ ಅವರ ಗೆಲ್ಲತಾರ, ಬರದಿದ್ರೂ ಅವರ ಗೆಲ್ಲತಾರ.

ನಾ ಸುಗ್ಗಿ ಮುಗಿಯೂ ತನಕ ತಡಕೊಂಡೆ. ರಾಶಿ ಮನಿಗೆ ಬಂದ ಮ್ಯಾಲ ಒಂದಿನ ಅಪ್ಪ ಉಣ್ಣಾಕ ಕುಂತಾಗ ಕೇಳಿದೆ. 'ಹಿಂಗಾರಿ ಚಲೋ ಆತಲ್ಲಪ್ಪಾ. ಬರೂ ವರ್ಷರೆ ಕಳಸ್ತೀಯಿಲ್ಲ?'

ಅಂವ ರೊಟ್ಟಿ ಮುರಕೋತ ಹೇಳಿದ, 'ಹಿಂಗ ಮಳಿ ಆಗಾಕ ಹತ್ತಿದ್ರ ಮನಿಯಾಗ ಕೈ ಸಾಲವಲ್ವು ನನ್ನವ್ವಾ. ಆಳಿನ ಮಂದಿಗೆ ಬುತ್ತಿ ಕಟ್ಟಾಕ ನಿಮ್ಮವ್ವ ಒಬ್ಬಾಕಿ ಎಲ್ಲೆ ಸಾಲತಾಳ?'

ಒಳಗ ಅವ್ವ ರೊಟ್ಟಿ ಬಡೀತಿದ್ಳು. ಬಡಿಯೂ ಸಪ್ಪಳ ನಿಂತು ಹೋತು.

ಆಗ ನನಗ ಎಲ್ಲಾ ತಿಳೀತು. ಮಳಿ ಆಗಲಿಲ್ಲಂದ್ರ ಹೆಂಗ ಕಳಸೂದು, ಮಳಿ ಆದ್ರ ಯಾಕ ಕಳಸೂದು. ಶಾಸ್ತ್ರಿ, ಪೇಪರು, ಎತ್ತು, ಆ ದೂರದ ನಡುಗಡ್ಡಿ, ಇವು ಎಲ್ಲಾ ಸುಮ್ಮನ. ನಮ್ಮಪ್ಪಗ ಇಲ್ಲ ಅನ್ನಾಕ ಧೈರ್ಯ ಇರಲಿಲ್ಲ, ಹೂಂ ಅನ್ನಾಕ ಮನಸ್ಸಿರಲಿಲ್ಲ, ನಡುವ ನಿಲ್ಲಾಕ ಅವಗೊಂದು ಮಳಿ ಬೇಕಾಗಿತ್ತು.

'ಹಂಗಾರ ಯಾವ ಮಳಿ ಆದ್ರ ಕಳಸ್ತಿದ್ದೆಪ್ಪಾ, ಅದನ್ನರೆ ಹೇಳು' ಅಂದೆ.

ಅಂವ ಬಾಗಿಲದಾಗಿಂದ ಹೊರಗ ನೋಡಿದ. ಬ್ಯಾಸಗಿ ಶುರು ಆಗಿತ್ತು, ಮುಗಿಲಿನಾಗ ಏನೂ ಇರಲಿಲ್ಲ. ಒಳಗ ಮತ್ತ ರೊಟ್ಟಿ ಬಡಿಯೂದು ಶುರು ಆತು, ಮೊದಲಿಗಿಂತ ಜೋರಾಗಿ.

ಅವ್ವ ಅವತ್ತ ಏನೂ ಅನ್ನಲಿಲ್ಲ, ಮರುದಿನಾನೂ ಅನ್ನಲಿಲ್ಲ. ಅಕಿ ಅಂದಿದ್ದು ಬರೂ ವರ್ಷದ ಕಾರಹುಣ್ಣಿವಿ ದಿನ. ಕಾಕಾ ಬಂದಿದ್ದ, ಅಪ್ಪ ಅವನ ಜೋಡಿ ದನದ ಹಂತ್ಯಾಕ ಇದ್ದ, ಊರ ಗಂಡಸರೆಲ್ಲಾ ಮಧ್ಯಾಹ್ನದಿಂದನ ಅಗಸಿ ಕಡೆ ಮಾರಿ ಮಾಡಿದ್ರು. ಅವ್ವ ಹೋಳಿಗಿ ಕಟ್ಟಿಕೊಂಡ್ಳು, ನನ್ನ ಟ್ರಂಕು ತಾನ ತಲಿ ಮ್ಯಾಲ ಇಟಗೊಂಡ್ಳು.

'ನಡೀಬೇ' ಅಂದ್ಳು.

ಹಿತ್ತಲ ಬಾಗಿಲಲೆ ಹೊರಬಿದ್ದು ಯರಗುಪ್ಪಿ ತನಕ ಎರಿ ಹಾದಿಲೆ ನಡದ್ವಿ. ಯಾರೂ ನೋಡಲಿಲ್ಲ, ನೋಡೂ ಕಣ್ಣೆಲ್ಲಾ ಎತ್ತಿನ ಮ್ಯಾಲ ಇದ್ವು. ಹಿಂದ ಹಲಗಿ ಸಪ್ಪಳ ಕೇಳತಿತ್ತು. ಹುಬ್ಬಳ್ಳಿ ಬಸ್ಸಿಗೆ ಹತ್ತಿ ಕುಂತ ಮ್ಯಾಲ ನಾ ಕೇಳಿದೆ, 'ಯವ್ವಾ, ಯಾವ ಎತ್ತು ಹರೀತೋ ಏನೋ?' ಅಕಿ ಕಿಡಕಿಯಿಂದ ಹೊರಗ ನೋಡಿಕೋತ, 'ಹರಕೊಂಡು ಹೋಗವಲ್ದ್ಯಾಕ' ಅಂದ್ಳು. ಮರುದಿನ ಮಾವ ನನ್ನ ಹೆಸರ ಹಚ್ಚಿ ಬಂದ. ಅದಕ ಹಿಡದದ್ದು ಒಂದು ಮುಂಜಾನಿ ಅಷ್ಟ.

ಅಪ್ಪ ಮುಂದಿನ ವಾರ ಮೋಟಾರ್ ಸೈಕಲ್ ಮ್ಯಾಲ ಧಾರವಾಡಕ್ಕ ಬಂದ. ಬಡೀತಾನ, ಎಳಕೊಂಡು ಹೋಗ್ತಾನ ಅಂತ ನಾ ಒಳಗ ಅವಿತು ಕುಂತೆ. ಅಂವ ಪಡಸಾಲಿಯಾಗ ಕುಂತು, ಚಹಾ ಕುಡದು, ಮಾವನ ಮುಂದ ದೊಡ್ಡ ಧ್ವನಿ ತಗದು ಹೇಳಿದ, 'ಈ ಸಲ ಬಿಳಿ ಎತ್ತು ಹರಿತ್ರಿ. ಹಿಂಗಾರಿ ಚಲೋ ಐತಿ. ಅದಕ ಮಗಳನ್ನ ಕಳಿಸಿದೆ.'

ಕಳಿಸಿದೆನಂತ. ಮಾವ ಹೌದ್ರಿ ಅಂದ. ಇನ್ನೂ ಅಲ್ಲೆ ಉಳದಿದ್ದ ಅವ್ವ ಬಾಗಿಲ ಸಂದಿಯಾಗ ನಿಂತು ನನ್ನ ಮಾರಿ ನೋಡಿದ್ಳು, ನಾ ಅಕಿ ಮಾರಿ ನೋಡಿದೆ. ಅಪ್ಪ ಅವ್ವನ್ನ ಗಾಡಿ ಹಿಂದ ಕುಂಡ್ರಿಸಿಕೊಂಡು ಊರಿಗೆ ಹೋದ. ಊರ ತುಂಬ ಅದ ಮಾತು ಹೇಳಿಕೋತ ಅಡ್ಡಾಡಿದನಂತ, ಬಿಳಿ ಎತ್ತಿನ ವರ್ಷ ಮಗಳನ್ನ ಕಾಲೇಜಿಗೆ ಹಚ್ಚಿದೆ ಅಂತ. ಇರಲಿ ಬಿಡು, ಎತ್ತರೆ ನನ್ನ ಕಡೆ ಆತಲ್ಲಾ ಅಂತ ನನಗ ಒಳಗ ಒಂದೀಟು ಖುಷಿ ಆಗಿತ್ತು, ಸುಳ್ಳು ಯಾಕ ಹೇಳಲಿ.

ಪಂಚಮಿ ಹಬ್ಬಕ್ಕ ಊರಿಗೆ ಬಂದೆ. ಬಿಳಿ ಎತ್ತಿಗೆ ಬೆಲ್ಲ ಕೊಡೂಣು ಅಂತ ಗ್ವಾದ್ಲಿ ಹಂತ್ಯಾಕ ಹೋದೆ. ಅದು ಮುಂದಿನ ಒಂದು ಕಾಲು ಎತ್ತಿ ಹಿಡದು ನಿಂತಿತ್ತು. ಬಾಜು ಮನಿ ಕಾಕು ಹಿತ್ತಲದಾಗ ಕಟ್ಟಿದ ಜೋಕಾಲಿ ಹಗ್ಗ ಬಿಗಿ ಮಾಡಾಕ ಹತ್ತಿದ್ಳು, ಅಲ್ಲಿಂದನ ಹೇಳಿದ್ಳು.

'ಕಾರಹುಣ್ಣಿವಿ ದಿನ ನೀವು ಹೊಂಟ ಮ್ಯಾಲ, ಓಟಕ್ಕಿಂತ ಮೊದಲ ಉಳುಕೈತಿ ಆ ಕಾಲು, ಇನ್ನೂ ಆರವಲ್ದು. ಈ ಸಲ ಅದನ್ನ ಓಡಸಾಕ ಒಯ್ಯಲೇ ಇಲ್ಲ ನಿಮ್ಮಪ್ಪ. ಕೆಂದ ಎತ್ತ ಹರಿತು ನೋಡ, ನಮ್ಮ ಯರಗುಪ್ಪಿ ಬೀಗರು ತಂದಿದ್ದು.'

ನಾ ಬೆಲ್ಲ ಎತ್ತಿನ ಬಾಯಿಗೆ ಕೊಟ್ಟು ಮನಿ ಮುಂದಿನ ಕಡೆ ಬಂದೆ. ಅಪ್ಪ ಕಟ್ಟಿ ಮ್ಯಾಲ ಕುಂತಿದ್ದ. ನನಗ ಮೊದಲ ನಗು ಬಂತು, ಅದರ ಹಿಂದ ಸಿಟ್ಟು ಬಂತು. ಸಿಟ್ಟೊಂದ ಇವತ್ತಿನ ತನಕ ಉಳದೈತಿ.

'ಯಪ್ಪಾ, ಈ ವರ್ಷ ಹರಿದಿದ್ದು ಕೆಂದ ಎತ್ತಂತಲ್ಲಾ?'

ಅಂವ ಅಡಕಿ ಕತ್ತರಿಸಾಕ ಹತ್ತಿದ.

'ಬಿಳಿ ಅಂತ ಸುಳ್ಳು ಹೇಳಾಕ ನಿನಗ ಇಷ್ಟು ಸಲೀಸ ಬರ್ತಿತ್ತಂದ್ರ, ಹ್ವಾದ ವರ್ಷ ಖರೇನ ಬಿಳಿ ಎತ್ತು ಹರಿದಾಗ ಅದನ್ನ ಹೇಳಾಕ ನಿನಗ ಏನ ಬ್ಯಾನಿ ಆಗಿತ್ತು?'

ಅಪ್ಪ ಮುಗಿಲ ಕಡೆ ಮಾರಿ ಎತ್ತಿದ. 'ಸಂಜಿಕ ಮಳಿ ಬರೂ ಹಂಗೈತಿ, ಹಿತ್ತಲದಾಗ ಒಣಾಕ ಹಾಕಿದ ಅರಬಿ ತಗೀಬೇ' ಅಂದ.

ನಾ ಅರಬಿ ತಗೀಲಿಲ್ಲ. ಮಳೀನೂ ಬರಲಿಲ್ಲ.